ಪಹಣಿ ತಯಾರಾಗುವುದು ಎಲ್ಲಿ?

ವೆಬ್ ಅಪ್ಲಿಕೇಶನ್ ಎಂದರೆ ಎರಡು ಯಂತ್ರಗಳು ಪಾಲು ಮಾಡಿಕೊಂಡ ಒಂದೇ ಕೆಲಸ. ಮಾಹಿತಿ ಇಟ್ಟುಕೊಂಡು ಕೇಳಿದವರಿಗೆ ಕೊಡುವ ಯಂತ್ರ ಸರ್ವರ್. ಕೇಳುವ ಯಂತ್ರ, ಅದು ಅಂಗೈಯ ಮೊಬೈಲಾಗಲಿ ಮೇಜಿನ ಮೇಲಿನ ಕಂಪ್ಯೂಟರಾಗಲಿ, ಕ್ಲೈಂಟ್. ಕ್ಲೈಂಟ್‌ನ ಪರವಾಗಿ ಮಾತಾಡುವ ತಂತ್ರಾಂಶವೇ ಬ್ರೌಸರ್. ಪುಟವನ್ನು ಪೂರ್ತಿ ಸರ್ವರ್‌ನಲ್ಲೇ ಸಿದ್ಧಪಡಿಸಿ ಕಳಿಸಬಹುದು. ಇಲ್ಲವೇ ಬರೀ ಮಾಹಿತಿ ಕಳಿಸಿ ಪುಟ ಕಟ್ಟುವ ಹೊಣೆಯನ್ನು ಬ್ರೌಸರ್‌ಗೆ ವಹಿಸಬಹುದು. ಮೂವತ್ತು ವರ್ಷಗಳಲ್ಲಿ ತಂತ್ರಜ್ಞರ ಒಲವು ಅತ್ತ ಒಮ್ಮೆ ಇತ್ತ ಒಮ್ಮೆ ವಾಲಿದೆ. ಒಲವನ್ನು ಬದಿಗಿಟ್ಟು ನೋಡಿದರೆ ಪಾಲು ನಿರ್ಧಾರವಾಗಬೇಕಾದದ್ದು ಎರಡು ಪ್ರಶ್ನೆಗಳಿಂದ: ಕೊನೆಯ ಮಾತು ಯಾರದು, ಕಾಯುವವರು ಯಾರು. ಕಾಕನಕೋಟೆ ಕಾಡಿನ ಸುತ್ತಲ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಅದರಾಚೆಯ ಕೆ.ಆರ್. ನಗರ ತಾಲ್ಲೂಕುಗಳ ರೈತನಿಗೆ ಈ ಎರಡೂ ಪ್ರಶ್ನೆಗಳು ಪಹಣಿಯಲ್ಲಿ, ಬೆಳೆ ಸಮೀಕ್ಷೆಯಲ್ಲಿ, ತಂಬಾಕು ಹರಾಜಿನಲ್ಲಿ ಎದುರಾಗುತ್ತವೆ.

ಪಹಣಿಯ ಗಣಕೀಕರಣ ಶುರುವಾದದ್ದು ವೆಬ್‌ನಲ್ಲಲ್ಲ. 2000ದ ಆಸುಪಾಸಿನಲ್ಲಿ, ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ‘ಭೂಮಿ’ ಯೋಜನೆಯಡಿ ಕಂಪ್ಯೂಟರ್ ಸೇರಿದವು. ಅವು ಸುಮಾರು 67 ಲಕ್ಷ ರೈತರ ಜಮೀನಿನ ದಾಖಲೆಗಳು. ತಂತ್ರಾಂಶ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ್ದು. ಆಗ ಪ್ರತಿ ತಾಲ್ಲೂಕು ಕಚೇರಿಗೂ ಅದರದೇ ಸರ್ವರ್. ಆ ತಾಲ್ಲೂಕಿನ ದಾಖಲೆ ಅಲ್ಲೇ. ಕೌಂಟರಿನ ಕಂಪ್ಯೂಟರಿನಲ್ಲಿ ಅಳವಡಿಸಿದ ತಂತ್ರಾಂಶ ಪಕ್ಕದ ಕೋಣೆಯ ಸರ್ವರನ್ನು ಕೇಳಿ ಪಹಣಿ ಮುದ್ರಿಸುತ್ತಿತ್ತು. ಜನ 15 ರೂಪಾಯಿ ಕೊಟ್ಟು ಒಯ್ಯುತ್ತಿದ್ದರು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಕ್ಲೈಂಟ್ ಮತ್ತು ಸರ್ವರ್ ಎಂಬ ಪಾಲುಗಾರಿಕೆ ಇಲ್ಲಿಯೂ ಇತ್ತು, ನಡುವಿನ ದಾರಿ ಮಾತ್ರ ಕೆಲವೇ ಮೀಟರಿನ ಕೇಬಲ್. ತೊಂದರೆ ಇದ್ದದ್ದು ಬೇರೆ ಕಡೆ. ಕೌಂಟರಿನ ತಂತ್ರಾಂಶದಲ್ಲಿ ಒಂದು ಸಾಲು ಬದಲಾದರೂ ಅದನ್ನು ರಾಜ್ಯದ ಅಷ್ಟೂ ತಾಲ್ಲೂಕುಗಳ ಕಂಪ್ಯೂಟರುಗಳಿಗೆ ಮುಟ್ಟಿಸಬೇಕಿತ್ತು. ವೆಬ್ ಬಂದ ಮೇಲೆ ದಾಖಲೆಯೂ ತಂತ್ರಾಂಶವೂ ಬೆಂಗಳೂರಿನಲ್ಲಿ ಒಂದೆಡೆ ಸೇರಿದವು. ಅಲ್ಲಿ ಒಮ್ಮೆ ಬದಲಿಸಿದರೆ ಎಲ್ಲರಿಗೂ ಬದಲಾದಂತೆ. ಹೆಗ್ಗಡದೇವನಕೋಟೆಗೆ ಕೇಬಲ್ ಮಾತ್ರ ಕೆಲವು ಮೀಟರಿನಿಂದ ಸುಮಾರು 200 ಕಿಲೋಮೀಟರಿಗೆ ಬೆಳೆಯಿತು.

ವೆಬ್ ಹುಟ್ಟಿದಾಗ ಸರ್ವರ್‌ನ ಕೆಲಸ ಬಹಳ ಸರಳವಾಗಿತ್ತು: ಮೊದಲೇ ಬರೆದಿಟ್ಟ ಕಡತವನ್ನು ಕೇಳಿದವರಿಗೆ ಕಳಿಸುವುದು. 1993ರಲ್ಲಿ ಬಂದ ಸಿಜಿಐ ಎಂಬ ಏರ್ಪಾಡು ಇದನ್ನು ಬದಲಿಸಿತು. ಕೋರಿಕೆ ಬಂದಾಗ ಸರ್ವರ್ ಒಂದು ಪ್ರೋಗ್ರಾಮನ್ನು ಓಡಿಸಿ, ಅದು ಆ ಕ್ಷಣದಲ್ಲಿ ಬರೆದುಕೊಟ್ಟ ಎಚ್‌ಟಿಎಂಎಲ್ ಪುಟವನ್ನು ಕಳಿಸತೊಡಗಿತು. 1995ರಲ್ಲಿ ರಾಸ್ಮಸ್ ಲೆರ್‌ಡಾರ್ಫ್ ಹೊರತಂದ ಪಿಎಚ್‌ಪಿ, ಮರುವರ್ಷ ಮೈಕ್ರೋಸಾಫ್ಟ್‌ನ ಎಎಸ್‌ಪಿ, 2002ರಲ್ಲಿ ಎಎಸ್‌ಪಿ ಡಾಟ್ ನೆಟ್ ಎಲ್ಲವೂ ಇದೇ ದಾರಿಯವು. ಕನ್ನಡ ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ಇವತ್ತಿಗೂ ಪಿಎಚ್‌ಪಿಯಲ್ಲೇ ನಡೆಯುತ್ತದೆ, ಸೊಗಸಾಗಿ ನಡೆಯುತ್ತದೆ.

ಈ ಕ್ರಮಕ್ಕೆ ಒಂದು ತೊಡಕಿದೆ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿಗೆ ನೆನಪಿಲ್ಲ. ಒಂದು ಕೋರಿಕೆಗೆ ಉತ್ತರಿಸಿದ ಕೂಡಲೇ ಸರ್ವರ್ ಕೇಳಿದವರನ್ನು ಮರೆಯುತ್ತದೆ. ಮುಂದಿನ ಕ್ಷಣ ಅವರೇ ಮತ್ತೆ ಬಂದರೂ ಹೊಸಬರೇ. ನೆನಪು ಉಳಿಸಲು 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕೀ ಕಂಡುಹಿಡಿದ. ಬ್ರೌಸರಿನಲ್ಲಿ ಒಂದು ಸಣ್ಣ ಚೀಟಿ ಇರಿಸಿ, ಪ್ರತಿ ಕೋರಿಕೆಯ ಜೊತೆ ಅದನ್ನು ಹಿಂದಕ್ಕೆ ತರಿಸಿಕೊಳ್ಳುವ ಉಪಾಯ ಅದು. ಎಎಸ್‌ಪಿ ಡಾಟ್ ನೆಟ್ ಇನ್ನೂ ಮುಂದೆ ಹೋಯಿತು. ಪುಟದಲ್ಲಿ ಯಾವ ಪಟ್ಟಿಯಲ್ಲಿ ಏನಿತ್ತು, ಏನು ಆಯ್ಕೆಯಾಗಿತ್ತು ಎಂಬುದನ್ನೆಲ್ಲ ಗಂಟು ಕಟ್ಟಿ, ವ್ಯೂಸ್ಟೇಟ್ ಎಂಬ ಹೆಸರಿನಲ್ಲಿ ಪುಟದೊಳಗೇ ಕಣ್ಣಿಗೆ ಕಾಣದಂತೆ ಅಡಗಿಸಿತು. ಬಳಕೆದಾರ ಏನಾದರೂ ಒತ್ತಿದಾಗ ಆ ಗಂಟು ಸರ್ವರ್‌ಗೆ ಹೋಗುತ್ತದೆ, ಇನ್ನಷ್ಟು ದಪ್ಪವಾಗಿ ಹಿಂದಿರುಗುತ್ತದೆ. ಈ ಹೋಗಿಬರುವಿಕೆಗೆ ಪೋಸ್ಟ್‌ಬ್ಯಾಕ್ ಎಂದು ಹೆಸರು.

ರಾಜ್ಯದ ಪಹಣಿ ನೋಡುವ ಪುಟ ಬಹುಕಾಲ ಬಳಸಿದ್ದು ಇದೇ ತಂತ್ರವನ್ನು. ವಿಳಾಸದ ಕೊನೆಯ ಎಎಸ್‌ಪಿಎಕ್ಸ್ ಎಂಬ ಅಕ್ಷರಗಳೇ ಅದರ ಗುರುತು. ಅಂತರಸಂತೆಯ ಒಂದು ಜಮೀನಿನ ಪಹಣಿ ಬೇಕೆಂದರೆ ಮೊದಲು ಜಿಲ್ಲೆಗಳ ಪಟ್ಟಿಯಲ್ಲಿ ಮೈಸೂರು. ಅದನ್ನು ಆರಿಸಿದೊಡನೆ ಕೋರಿಕೆ ಬೆಂಗಳೂರಿಗೆ ಹೋಗಿ ತಾಲ್ಲೂಕುಗಳ ಪಟ್ಟಿ ಹೊತ್ತು ಬರುತ್ತದೆ. ಹೆಗ್ಗಡದೇವನಕೋಟೆ ಆರಿಸಿದರೆ ಹೋಬಳಿಗಳು, ಅಂತರಸಂತೆ ಹೋಬಳಿ ಆರಿಸಿದರೆ ಗ್ರಾಮಗಳು. ಆಮೇಲೆ ಸರ್ವೆ ನಂಬರ್ ಬರೆದು ಒತ್ತಿದರೆ ಅದರ ಒಳಗುರುತುಗಳಾದ ಸರ್ನಾಕ್, ಬಳಿಕ ಹಿಸ್ಸಾ, ಬಳಿಕ ಅವಧಿ, ಬಳಿಕ ವರ್ಷ. ಪಹಣಿಯ ಒಂದಕ್ಷರ ಕಾಣುವ ಮೊದಲೇ ಏಳೆಂಟು ಸಲ ಹೋಗಿಬಂದಾಗಿರುತ್ತದೆ. ನಡುವೆ ಎದ್ದು ಹೋಗಿ ದನಕ್ಕೆ ನೀರಿಟ್ಟು ಬಂದರೆ ಸರ್ವರ್ ನೆನಪಿಟ್ಟುಕೊಳ್ಳುವ ಅವಧಿ, ಅಂದರೆ ಸೆಷನ್, ಮುಗಿದಿರುತ್ತದೆ. ಮತ್ತೆ ಮೈಸೂರು ಜಿಲ್ಲೆಯಿಂದಲೇ ಆರಂಭ.

ಏಳೆಂಟು ಸಲ ಹೋಗಿಬರುವುದು ದುಬಾರಿಯೇ? ದಾರಿಯನ್ನು ಅವಲಂಬಿಸಿದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 200 ಕಿಲೋಮೀಟರಿಗೆ ಒಂದು ಮಿಲಿಸೆಕೆಂಡ್, ಹೋಗಿಬರಲು ಎರಡು. ಹಾಗಾಗಿ ದೂರ ಇಲ್ಲಿ ಅಪರಾಧಿಯಲ್ಲ. ಸಮಯ ತಿನ್ನುವುದು ಮೊಬೈಲಿಗೂ ಟವರಿಗೂ ನಡುವಿನ ಕೊನೆಯ ಕೆಲವು ಕಿಲೋಮೀಟರ್. ಸಿಗ್ನಲ್ ಚೆನ್ನಾಗಿರುವ 4ಜಿಯಲ್ಲಿಯೂ ಒಂದು ಸುತ್ತಿಗೆ ಹತ್ತಾರು ಮಿಲಿಸೆಕೆಂಡ್ ಬೇಕು. ಕಾಡಂಚಿನಲ್ಲಿ ಸಿಗ್ನಲ್ ಒಂದೇ ಕಡ್ಡಿಗೆ ಇಳಿದಾಗ ಕಳಿಸಿದ ತುಣುಕುಗಳು ಕಳೆದುಹೋಗಿ ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ಒಂದು ಸುತ್ತು ಹಲವು ಸೆಕೆಂಡ್ ಹಿಡಿಯುತ್ತದೆ. ಸುರಕ್ಷಿತ ಸಂಪರ್ಕ ಏರ್ಪಡಲೇ ಎರಡು ಮೂರು ಸುತ್ತು ಖರ್ಚಾಗುತ್ತದೆ, ಅದು ಬೇರೆ. ಮೈಸೂರಿನ ಬ್ರಾಡ್‌ಬ್ಯಾಂಡಿನಲ್ಲಿ ಕುಳಿತು ಇದೇ ಪುಟವನ್ನು ಪರೀಕ್ಷಿಸುವವರಿಗೆ ಈ ಲೆಕ್ಕ ಕಾಣುವುದೇ ಇಲ್ಲ. ವೆಬ್ ತಂತ್ರಜ್ಞಾನದ ಅನೇಕ ತಪ್ಪು ತೀರ್ಮಾನಗಳ ಮೂಲ ಅಲ್ಲಿದೆ.

ಈ ಹೋಗಿಬರುವಿಕೆಗೆ ಪರಿಹಾರವಾಗಿ ಬೆಳೆದದ್ದು ಕ್ಲೈಂಟ್ ಬದಿಯ ತಂತ್ರ. 1995ರಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಕಟ್ಟಿದ ಜಾವಾಸ್ಕ್ರಿಪ್ಟ್ ಭಾಷೆ ಬ್ರೌಸರಿನೊಳಗೇ ಓಡುತ್ತದೆ. ಮೊದಲು ಅದರ ಪಾಲಿಗೆ ಬಂದದ್ದು ಚಿಲ್ಲರೆ ಕೆಲಸ: ಅರ್ಜಿಯಲ್ಲಿ ಖಾಲಿ ಬಿಟ್ಟ ಅಂಕಣವನ್ನು ತೋರಿಸುವುದು, ಗುಂಡಿಯ ಬಣ್ಣ ಬದಲಿಸುವುದು. 1999ರಲ್ಲಿ ಮೈಕ್ರೋಸಾಫ್ಟ್, ತನ್ನ ಔಟ್‌ಲುಕ್ ಅಂಚೆ ಬ್ರೌಸರಿನಲ್ಲಿ ನಡೆಯಲೆಂದು, ಪುಟವನ್ನು ಕದಲಿಸದೆ ಹಿನ್ನೆಲೆಯಲ್ಲಿ ಸರ್ವರ್ ಜೊತೆ ಮಾತಾಡುವ ಸೌಲಭ್ಯವನ್ನು ಸೇರಿಸಿತು. ಅದರ ಬಲ ಲೋಕಕ್ಕೆ ಗೊತ್ತಾದದ್ದು 2004ರ ಜಿಮೇಲ್ ಮತ್ತು 2005ರ ಗೂಗಲ್ ಮ್ಯಾಪ್ಸ್‌ನಿಂದ. 2005ರಲ್ಲೇ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ವಿಧಾನಕ್ಕೆ ಅಜಾಕ್ಸ್ ಎಂಬ ಹೆಸರಿಟ್ಟ. 2008ರಲ್ಲಿ ಕ್ರೋಮ್ ಜೊತೆ ಬಂದ ವಿ8 ಎಂಜಿನ್ ಜಾವಾಸ್ಕ್ರಿಪ್ಟ್‌ಗೆ ವೇಗ ಕೊಟ್ಟಿತು. 2010ರ ಆಂಗ್ಯುಲರ್‌ಜೆಎಸ್, 2013ರ ರಿಯಾಕ್ಟ್ ಹೊತ್ತಿಗೆ ಇಡೀ ಅಪ್ಲಿಕೇಶನ್ನೇ ಬ್ರೌಸರಿಗೆ ಇಳಿದು, ಸರ್ವರ್ ಬರೀ ಮಾಹಿತಿ ಒದಗಿಸುವ ಕಣಜವಾಯಿತು.

ಪಹಣಿಯ ಪುಟವನ್ನು ಈ ಕ್ರಮದಲ್ಲಿ ಕಟ್ಟಿದರೆ ಏನಾಗುತ್ತದೆ? ‘ಅಂತರಸಂತೆ’ ಎಂಬ ಹೆಸರಿಗೆ ಯೂನಿಕೋಡ್‌ನಲ್ಲಿ 8 ಸಂಕೇತ; ಕನ್ನಡದ ಒಂದೊಂದು ಸಂಕೇತ 3 ಬೈಟ್ ಹಿಡಿಯುವುದರಿಂದ ಒಟ್ಟು 24 ಬೈಟ್. ಹೆಸರೊಂದಕ್ಕೆ 30 ಬೈಟ್ ಎಂದುಕೊಂಡರೂ ಸಾವಿರ ಊರಿನ ಹೆಸರು 30 ಕಿಲೋಬೈಟ್‌ನಲ್ಲಿ ಮುಗಿಯುತ್ತದೆ, ಕುಗ್ಗಿಸಿ ಕಳಿಸಿದರೆ ಇನ್ನೂ ಕಡಿಮೆ. ವಾಟ್ಸಾಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರ ಇದಕ್ಕಿಂತ ಭಾರ. ಜಿಲ್ಲೆಯ ಹೋಬಳಿ, ಗ್ರಾಮಗಳ ಪಟ್ಟಿಯನ್ನೆಲ್ಲ ಒಂದೇ ಸಲ ಬ್ರೌಸರಿಗೆ ಕೊಟ್ಟುಬಿಟ್ಟರೆ ಮೊದಲ ನಾಲ್ಕು ಆಯ್ಕೆಗಳಿಗೆ ಬೆಂಗಳೂರನ್ನು ಕೇಳಬೇಕಿಲ್ಲ. ಸರ್ವೆ ನಂಬರ್ ಬರೆದಾಗ ಮಾತ್ರ ಒಂದು ಪ್ರಯಾಣ, ಪಹಣಿಗೆ ಇನ್ನೊಂದು.

ಆದರೆ ಕ್ಲೈಂಟ್‌ಗೆ ಕೊಟ್ಟ ಪಟ್ಟಿ ಹಳಸುತ್ತದೆ. ಸರಗೂರು ಹೆಗ್ಗಡದೇವನಕೋಟೆಯಿಂದ, ಸಾಲಿಗ್ರಾಮ ಕೆ.ಆರ್. ನಗರದಿಂದ ಬೇರ್ಪಟ್ಟು ತಾಲ್ಲೂಕುಗಳಾದವು. ಸರ್ವರ್‌ನಲ್ಲಿರುವ ಪಟ್ಟಿಯನ್ನು ಒಂದು ರಾತ್ರಿಯಲ್ಲಿ ತಿದ್ದಬಹುದು. ಮೊಬೈಲಿನ ಒಳಗೆ ಉಳಿದ ಹಳೆಯ ಪ್ರತಿಯಲ್ಲಿ ಸರಗೂರು ಇನ್ನೂ ಹೋಬಳಿಯಾಗಿಯೇ ಇರುತ್ತದೆ. ಆ ಹಳೆಯ ಪಟ್ಟಿ ಹಿಡಿದು ಕೇಳಿದರೆ ದಾಖಲೆ ಸಿಗುವುದಿಲ್ಲ. ಆದ್ದರಿಂದ ಪಟ್ಟಿಗೆ ಆವೃತ್ತಿ ಸಂಖ್ಯೆ ಕೊಟ್ಟು, ಪುಟ ತೆರೆದಾಗಲೊಮ್ಮೆ ‘ನನ್ನ ಬಳಿಯಿರುವುದು ಹೊಸದೇ?’ ಎಂದು ಬ್ರೌಸರ್ ವಿಚಾರಿಸುವ ಏರ್ಪಾಡು ಬೇಕು. ಹೌದೆಂದಾದರೆ ಸರ್ವರ್ 304 ಎಂಬ ಸಂಖ್ಯೆ ಕಳಿಸಿ ಸುಮ್ಮನಾಗುತ್ತದೆ. ಪಟ್ಟಿ ಮತ್ತೆ ಇಳಿಯುವುದಿಲ್ಲ.

ಕ್ಲೈಂಟ್ ಬದಿಯ ತಂತ್ರಕ್ಕೆ ಇನ್ನೊಂದು ಬೆಲೆಯಿದೆ, ಅದನ್ನು ತೆರುವುದು ಅಗ್ಗದ ಮೊಬೈಲ್. ಚಿತ್ರವೊಂದು ಇಳಿದರೆ ಬಿಡಿಸಿ ತೋರಿಸಿದರಾಯಿತು. ಅಷ್ಟೇ ತೂಕದ ಜಾವಾಸ್ಕ್ರಿಪ್ಟ್ ಇಳಿದರೆ ಅದನ್ನು ಓದಿ, ಅರ್ಥೈಸಿ, ಯಂತ್ರಭಾಷೆಗೆ ತಿರುಗಿಸಿ, ಓಡಿಸಬೇಕು. ದುಬಾರಿ ಫೋನಿನಲ್ಲಿ ಅರೆಕ್ಷಣದಲ್ಲಿ ಮುಗಿಯುವ ಈ ಕೆಲಸಕ್ಕೆ ಹಳೆಯ ಫೋನು ಹಲವು ಪಟ್ಟು ಸಮಯ ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೆ ಪರದೆ ಬಿಳಿ. ಪೂರ್ತಿ ಕ್ಲೈಂಟ್ ಬದಿಯಲ್ಲಿ ಕಟ್ಟಿದ ಪುಟದ ಮೂಲವನ್ನು ತೆರೆದು ನೋಡಿದರೆ ಒಂದು ಖಾಲಿ ಚೌಕಟ್ಟು ಮತ್ತು ಕೆಲವು ಸ್ಕ್ರಿಪ್ಟ್‌ಗಳ ವಿಳಾಸ ಬಿಟ್ಟು ಬೇರೇನೂ ಇರುವುದಿಲ್ಲ. ಸ್ಕ್ರಿಪ್ಟ್ ಅರ್ಧಕ್ಕೆ ನಿಂತರೆ ಓದುಗನಿಗೆ ಸಿಗುವುದೂ ಅಷ್ಟೇ. ಸರ್ವರ್‌ನಲ್ಲಿ ಸಿದ್ಧವಾದ ಪುಟ ಹಾಗಲ್ಲ. ಅರ್ಧ ಬಂದರೆ ಅರ್ಧವನ್ನಾದರೂ ಓದಬಹುದು.

ಕನ್ನಡ ಓದುವವರಿಗೆ ಈ ಪಾಲುಗಾರಿಕೆ ಇನ್ನೊಂದು ಕಡೆ ಕಣ್ಣಿಗೇ ಕಾಣುತ್ತದೆ: ಅಕ್ಷರಗಳಲ್ಲಿ. ‘ಹೆಗ್ಗಡದೇವನಕೋಟೆ’ ಎಂಬ ಹೆಸರನ್ನು ಸರ್ವರ್ ಕಳಿಸುವುದು ಬರೀ 14 ಸಂಕೇತಗಳ ಸಾಲಾಗಿ. ಗ, ಹಲಂತದ ಚಿಹ್ನೆ, ಮತ್ತೆ ಗ ಎಂದು ಮೂರು ಸಂಕೇತ ಬಂದಾಗ ಎರಡನೆಯ ಗಕಾರವನ್ನು ಒತ್ತಾಗಿ ಕೆಳಗಿಳಿಸಬೇಕು, ಕಕಾರದ ಓಕಾರವನ್ನು ಬಿಡಿಸಿ ಅದರ ತುಂಡುಗಳನ್ನು ಜಾಗ ನೋಡಿ ಕೂಡಿಸಬೇಕು ಎಂಬುದೆಲ್ಲ ಕ್ಲೈಂಟ್‌ನ ಕೆಲಸ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಇದನ್ನು ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಈ ಶಕ್ತಿ ಎಲ್ಲ ಯಂತ್ರಗಳಿಗೂ ಇರಲಿಲ್ಲ. 2006ರಲ್ಲಿ ಜಗತ್ತಿಗೆಲ್ಲ ಬಿಡುಗಡೆಯಾದ ಒಪೆರಾ ಮಿನಿ, ಕನ್ನಡದ ಫಾಂಟೇ ಇಲ್ಲದ ಗುಂಡಿ ಮೊಬೈಲುಗಳಲ್ಲೂ ಕನ್ನಡ ತೋರಿಸಿದ್ದು ಅಡ್ಡದಾರಿಯಿಂದ. ಪುಟ ಮೊದಲು ಒಪೆರಾದ ಸರ್ವರ್‌ಗೆ ಹೋಗುತ್ತಿತ್ತು. ಅದನ್ನು ಅಲ್ಲೇ ಕುಗ್ಗಿಸಿ ಕಳಿಸುತ್ತಿದ್ದರು. ಅದರ ಸೆಟ್ಟಿಂಗ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ಕನ್ನಡದ ಅಕ್ಷರಗಳು ಚಿತ್ರಗಳಾಗಿ ಬಂದಿಳಿಯುತ್ತಿದ್ದವು. ಕ್ಲೈಂಟ್‌ಗೆ ತ್ರಾಣವಿಲ್ಲದಿದ್ದಾಗ ಕೆಲಸ ಸರ್ವರ್‌ಗೆ ಸರಿದದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು.

ಇದರ ತಿರುವುಮುರುವೂ ಇದೆ. ಬ್ರೌಸರಿನಲ್ಲಿ ಸರಿಯಾಗಿ ಕಾಣುವ ಕನ್ನಡ ಪಿಡಿಎಫ್‌ನಲ್ಲಿ ಒಡೆದು, ಒತ್ತಕ್ಷರವು ಹಲಂತವಾಗಿ ಬಿಡಿಬಿಡಿಯಾಗಿ ನಿಂತಿರುವುದನ್ನು ಅನೇಕರು ಕಂಡಿರುತ್ತಾರೆ. ಪಿಡಿಎಫ್ ತಯಾರಾಗುವುದು ಹೆಚ್ಚಾಗಿ ಸರ್ವರ್‌ನಲ್ಲಿ. ಅಲ್ಲಿ ಬಳಸಿದ ತಂತ್ರಾಂಶಕ್ಕೆ ಭಾರತೀಯ ಲಿಪಿಗಳನ್ನು ಜೋಡಿಸಲು ಬಾರದಿದ್ದರೆ ಸಂಕೇತಗಳನ್ನು ಬಂದ ಸಾಲಿನಲ್ಲೇ ಮುದ್ರಿಸಿಬಿಡುತ್ತದೆ. ಇದಕ್ಕೆ ಅಭಿವೃದ್ಧಿಗಾರರು ಕಂಡುಕೊಂಡ ದಾರಿ ಸ್ವಾರಸ್ಯದ್ದು: ಸರ್ವರ್‌ನಲ್ಲೇ ಪರದೆಯಿಲ್ಲದ ಒಂದು ಬ್ರೌಸರ್ ಓಡಿಸಿ, ಅದರಿಂದ ಪುಟ ಬಿಡಿಸಿ, ಅದನ್ನೇ ಪಿಡಿಎಫ್ ಮಾಡುವುದು. ಕ್ಲೈಂಟನ್ನೇ ಸರ್ವರ್‌ನ ಹೊಟ್ಟೆಯೊಳಗೆ ಕೂರಿಸಿದಂತಾಯಿತು.

ಕನ್ನಡ ಬೆರಳಚ್ಚಿಸುವುದಂತೂ ಕ್ಲೈಂಟ್ ಬದಿಯಲ್ಲೇ ಆಗಬೇಕು. ವಿಕಿಪೀಡಿಯಕ್ಕೆ 2011ರಲ್ಲಿ ಬಂದ ನಾರಾಯಂ ಇಂಗ್ಲಿಷ್ ಕೀಲಿಗಳನ್ನು ಬ್ರೌಸರಿನೊಳಗೇ ಕನ್ನಡವಾಗಿ ತಿರುಗಿಸುತ್ತಿತ್ತು; ಅದರ ಬೆನ್ನಿಗೆ ಬಂದ ಜೆಕ್ವೆರಿ ಐಎಂಇಯದೂ ಇದೇ ಕ್ರಮ. ಒಂದೊಂದು ಕೀಲಿಗೂ ಸರ್ವರನ್ನು ಕೇಳುತ್ತ ಕೂತರೆ ಯಾರೂ ಒಂದು ಪ್ಯಾರಾ ಮುಗಿಸಲಾರರು.

ದಾರಿಯೇ ಇಲ್ಲದಿದ್ದರೆ? ಬೆಳೆ ಸಮೀಕ್ಷೆ ಈ ಪ್ರಶ್ನೆಯನ್ನು ಎತ್ತುತ್ತದೆ. 2020ರಿಂದ ಕರ್ನಾಟಕದಲ್ಲಿ ರೈತರೇ ತಮ್ಮ ಮೊಬೈಲಿನ ಆ್ಯಪ್‌ನಲ್ಲಿ ಬೆಳೆಯ ವಿವರ ದಾಖಲಿಸಬಹುದು. ಕೆಲಸ ನಡೆಯಬೇಕಾದ್ದು ಹೊಲದಲ್ಲಿ: ಜಮೀನಿನೊಳಗೆ ನಿಂತಿರುವುದನ್ನು ಜಿಪಿಎಸ್ ಗುರುತಿಸಬೇಕು, ಬೆಳೆಯ ಫೋಟೊ ತೆಗೆಯಬೇಕು. ಕಾಡಂಚಿನ ಡಿ.ಬಿ. ಕುಪ್ಪೆ, ಬಳ್ಳೆಯ ಕಡೆ ನೆಟ್‌ವರ್ಕ್ ನಂಬಿ ಇಂಥ ಆ್ಯಪ್ ಕಟ್ಟಿದರೆ ಅದು ಹುಣಸೂರು ಪೇಟೆಯಲ್ಲಿ ಮಾತ್ರ ನಡೆಯುತ್ತದೆ. ಆದ್ದರಿಂದ ಗ್ರಾಮದ ಸರ್ವೆ ನಂಬರುಗಳ ಮಾಹಿತಿಯನ್ನು ನೆಟ್‌ವರ್ಕ್ ಇರುವಲ್ಲಿ ಇಳಿಸಿಕೊಂಡು, ಹೊಲದಲ್ಲಿ ರಾಗಿ, ಹತ್ತಿ, ಶುಂಠಿ ಯಾವುದಿದ್ದರೂ ಬರೆದುಕೊಂಡು, ಸಿಗ್ನಲ್ ಸಿಕ್ಕಾಗ ಅಪ್‌ಲೋಡ್ ಮಾಡುವ ಕ್ರಮ ಬೇಕಾಗುತ್ತದೆ. ವೆಬ್‌ನಲ್ಲಿ ಇದೇ ಕೆಲಸಕ್ಕೆ ಸರ್ವಿಸ್ ವರ್ಕರ್ ಎಂಬ ತಂತ್ರವಿದೆ; 2015ರ ಹೊತ್ತಿಗೆ ಬ್ರೌಸರುಗಳಲ್ಲಿ ಬಳಕೆಗೆ ಬಂತು. ಬ್ರೌಸರಿಗೂ ಜಾಲಕ್ಕೂ ನಡುವೆ ನಿಂತು, ಸಂಪರ್ಕ ಇಲ್ಲದಾಗ ಉಳಿಸಿಟ್ಟ ಪ್ರತಿಯನ್ನೇ ಕೊಡುವ ಪುಟ್ಟ ಪ್ರೋಗ್ರಾಂ ಅದು. ಬಳಕೆದಾರ ಬರೆದದ್ದನ್ನು ಬ್ರೌಸರಿನ ಒಳಗಿನ ಇಂಡೆಕ್ಸ್ಡ್‌ಡಿಬಿ ಎಂಬ ಕೋಶದಲ್ಲಿ ಕೂಡಿಡಬಹುದು.

ಆದರೆ ಹೊಲದಲ್ಲಿ ಬರೆದುಕೊಂಡದ್ದು ಇನ್ನೂ ದಾಖಲೆಯಲ್ಲ. ಒಂದೇ ಸರ್ವೆ ನಂಬರಿಗೆ ಅಣ್ಣ ಒಂದು ಫೋನಿನಲ್ಲಿ ರಾಗಿ ಎಂದೂ ತಮ್ಮ ಇನ್ನೊಂದರಲ್ಲಿ ಅವರೆ ಎಂದೂ ಬರೆದಿರಬಹುದು. ಎರಡೂ ಬೇರೆ ಬೇರೆ ಹೊತ್ತಿಗೆ ಸರ್ವರ್ ತಲುಪುತ್ತವೆ. ಹಿಂದೆ ಬಂದದ್ದನ್ನು ಅಳಿಸಬೇಕೇ, ಎರಡನ್ನೂ ಮಿಶ್ರಬೆಳೆ ಎಂದು ಇಟ್ಟುಕೊಳ್ಳಬೇಕೇ, ಮೇಲಧಿಕಾರಿಯ ಪರಿಶೀಲನೆಗೆ ಕಳಿಸಬೇಕೇ ಎಂಬ ತೀರ್ಮಾನ ಆಗುವುದು ಸರ್ವರ್‌ನಲ್ಲಿ. ಆಫ್‌ಲೈನ್ ಅಪ್ಲಿಕೇಶನ್ ಕಟ್ಟುವವರ ಶ್ರಮದ ಬಹುಪಾಲು ಖರ್ಚಾಗುವುದು ಈ ತಗಾದೆ ಬಗೆಹರಿಸುವುದರಲ್ಲೇ.

ಕೊನೆಯ ಮಾತು ಸರ್ವರ್‌ನದೇ ಏಕಿರಬೇಕು ಎಂಬುದಕ್ಕೆ ತಂಬಾಕು ಹರಾಜು ಸಾಕ್ಷಿ. ಪಿರಿಯಾಪಟ್ಟಣ, ಕಂಪಲಾಪುರ, ಚಿಲ್ಕುಂದ, ಕಟ್ಟೆಮಳಲವಾಡಿ, ಹೆಗ್ಗಡದೇವನಕೋಟೆಗಳಲ್ಲಿರುವ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಲ್ಲಿ ಹಿಂದೆ ಬೇಲಿನ ಮುಂದೆ ನಿಂತು ಬೆಲೆ ಕೂಗುತ್ತಿದ್ದರು. ಎಲೆಕ್ಟ್ರಾನಿಕ್ ಹರಾಜು ಬಂದ ಮೇಲೆ ವರ್ತಕರು ಕೈಯಲ್ಲಿರುವ ಉಪಕರಣದಲ್ಲಿ ಬೆಲೆ ಒತ್ತುತ್ತಾರೆ. ಇಂಥ ವ್ಯವಸ್ಥೆಯಲ್ಲಿ ಯಾರ ಬೆಲೆ ಹೆಚ್ಚು, ಸಮಬೆಲೆಯಾದಾಗ ಯಾರದು ಮೊದಲು ಎಂಬುದನ್ನು ವರ್ತಕರ ಕೈಯಲ್ಲಿರುವ ಉಪಕರಣ ಹೇಳುವಂತಿಲ್ಲ. ತೂಕದ ಬಟ್ಟನ್ನು ಗಿರಾಕಿಯೇ ಮನೆಯಿಂದ ತಂದರೆ ಅಂಗಡಿ ನಡೆದೀತೇ? ಕ್ಲೈಂಟ್‌ನ ಗಡಿಯಾರವನ್ನು ಹಿಂದೆ ಮುಂದೆ ಮಾಡಬಹುದು, ಅಲ್ಲಿ ಓಡುವ ಜಾವಾಸ್ಕ್ರಿಪ್ಟನ್ನು ಯಾರು ಬೇಕಾದರೂ ತೆರೆದು ತಿದ್ದಬಹುದು, ಮರೆಯಲ್ಲಿಟ್ಟ ಅಂಕಣದ ಬೆಲೆಯನ್ನೂ ಬದಲಿಸಬಹುದು. ಬ್ರೌಸರಿನ ಡೆವಲಪರ್ ಟೂಲ್ಸ್ ಒತ್ತಿದರೆ ಸಾಕು. ದೊಡ್ಡ ವಿದ್ಯೆಯೇನೂ ಬೇಕಿಲ್ಲ.

ಹಾಗಾಗಿ ಒಂದೇ ತಪಾಸಣೆಯನ್ನು ಎರಡು ಬದಿಯಲ್ಲೂ ಮಾಡುವುದು ದಂಡವಲ್ಲ. ಸರ್ವೆ ನಂಬರಿನ ಅಂಕಣದಲ್ಲಿ ಅಕ್ಷರ ಬಂದರೆ ಕ್ಲೈಂಟ್ ಕೂಡಲೇ ಎಚ್ಚರಿಸುತ್ತದೆ. ಅದು ಬಳಕೆದಾರನ ಸಮಯ ಉಳಿಸಲು. ಅದೇ ಅಂಕಣವನ್ನು ಸರ್ವರ್ ಮತ್ತೆ ಪರೀಕ್ಷಿಸುತ್ತದೆ. ಅದು ದಾಖಲೆ ಕಾಯಲು. ಎರಡನೆಯದನ್ನು ಬಿಟ್ಟರೆ, ಸರ್ವೆ ನಂಬರ್ ಬರೆಯಬೇಕಾದಲ್ಲಿ ಡೇಟಾಬೇಸ್‌ಗೆ ಆಜ್ಞೆ ಬರೆದು ಒಳನುಗ್ಗುವವರಿಗೆ ಬಾಗಿಲು ತೆರೆದಿಟ್ಟಂತೆ. ಗುಟ್ಟಿನ ಕೀಲಿಗಳು, ಡಿಜಿಟಲ್ ಸಹಿ, ಹಣದ ಲೆಕ್ಕ ಇವು ಯಾವುವೂ ಕ್ಲೈಂಟ್‌ಗೆ ಇಳಿಯಬಾರದು.

ಇತ್ತೀಚಿನ ವರ್ಷಗಳಲ್ಲಿ ಎರಡು ತಂತ್ರಗಳ ನಡುವಿನ ಗೋಡೆ ತೆಳುವಾಗಿದೆ. 2009ರಲ್ಲಿ ರಯಾನ್ ಡಾಲ್ ಕಟ್ಟಿದ ನೋಡ್‌ಜೆಎಸ್‌ನಿಂದ ಜಾವಾಸ್ಕ್ರಿಪ್ಟ್ ಸರ್ವರ್‌ನಲ್ಲಿಯೂ ವ್ಯಾಪಕವಾಗಿ ಓಡತೊಡಗಿತು; ಒಂದೇ ಪ್ರೋಗ್ರಾಂ ಎರಡೂ ಬದಿಗೆ ನಡೆಯುವಂತಾಯಿತು. 2016ರ ನೆಕ್ಸ್ಟ್‌ಜೆಎಸ್‌ನಂಥ ಚೌಕಟ್ಟುಗಳಲ್ಲಿ ಮೊದಲ ಪುಟ ಸರ್ವರ್‌ನಲ್ಲೇ ಸಿದ್ಧವಾಗಿ ಬರುತ್ತದೆ, ಓದಲು ಕಾಯಬೇಕಿಲ್ಲ. ಆಮೇಲೆ ಸ್ಕ್ರಿಪ್ಟ್ ಇಳಿದು ಗುಂಡಿಗಳಿಗೆ ಜೀವ ಬರುತ್ತದೆ. ಈ ಎರಡನೆಯ ಹಂತಕ್ಕೆ ಹೈಡ್ರೇಶನ್ ಎನ್ನುತ್ತಾರೆ. ಅದು ಮುಗಿಯುವ ಮೊದಲು ಗುಂಡಿ ಒತ್ತಿದರೆ ಏನೂ ಆಗದಿರುವುದೇ ಇದರ ಐಬು. ಕಣ್ಣಿಗೆ ಪುಟ ಸಿದ್ಧ, ಕೈಗೆ ಇನ್ನೂ ಇಲ್ಲ. ಎಚ್‌ಟಿಎಂಎಕ್ಸ್‌ನಂಥ ಕಿರು ಸಾಧನಗಳು ಇನ್ನೊಂದು ದಾರಿ ಹಿಡಿದಿವೆ: ಪುಟದ ಬದಲಾಗಬೇಕಾದ ತುಣುಕನ್ನಷ್ಟೇ ಸರ್ವರ್‌ನಿಂದ ಎಚ್‌ಟಿಎಂಎಲ್ ಆಗಿ ತರಿಸುತ್ತವೆ. ಪಹಣಿಯಂಥ ಸೇವೆಗೆ, ಅಗ್ಗದ ಫೋನುಗಳ ನಡುವೆ, ಈ ಹಗುರ ಕ್ರಮವೇ ಹೆಚ್ಚು ಹೊಂದುತ್ತದೆ.

ಉಳಿಯುವುದು ಜನದಟ್ಟಣೆಯ ಪ್ರಶ್ನೆ. ಪುಟಗಳನ್ನೆಲ್ಲ ತಾನೇ ಕಟ್ಟುವ ಸರ್ವರ್‌ಗೆ ಕೇಳುವವರು ಹೆಚ್ಚಿದಂತೆ ಕೆಲಸ ಹೆಚ್ಚುತ್ತದೆ. ಬಿತ್ತನೆಯ ಮುಂಚೆ ಬೆಳೆಸಾಲಕ್ಕೆ ಎಲ್ಲರೂ ಒಟ್ಟಿಗೆ ಪಹಣಿ ಕೇಳಿದಾಗ ‘ಸರ್ವರ್ ಬ್ಯುಸಿ’ ಎಂಬ ಉತ್ತರ ಬರುವುದು ಹೀಗೆ. ಕ್ಲೈಂಟ್‌ಗೆ ಹಂಚಿದ ಕೆಲಸ ಕೇಳುವವರ ಫೋನುಗಳಲ್ಲೇ ಹರಡಿಹೋಗುತ್ತದೆ. ಎಲ್ಲರಿಗೂ ಒಂದೇ ಆಗಿರುವ ಫಾಂಟು, ವಿನ್ಯಾಸ, ಊರುಗಳ ಪಟ್ಟಿಗಳನ್ನು ಬ್ರೌಸರಿನಲ್ಲೋ ಹತ್ತಿರದ ಸರ್ವರ್‌ನಲ್ಲೋ ತಿಂಗಳುಗಟ್ಟಲೆ ಉಳಿಸಿಡಬಹುದು. ಪಹಣಿಯ ಒಡಲನ್ನು ಹಾಗೆ ಇಡುವಂತಿಲ್ಲ. ಬೆಳಿಗ್ಗೆ ಮ್ಯುಟೇಷನ್ ಆಗಿ ಹೆಸರು ಬದಲಾದ ಹಿಸ್ಸಾಕ್ಕೆ ಸಂಜೆ ಹಳೆಯ ಹೆಸರಿನ ಪಹಣಿ ಸಿಕ್ಕರೆ ಜಮೀನು ಮಾರಿದವನ ಹೆಸರಿಗೇ ಸಾಲ ಮಂಜೂರಾಗಬಹುದು. ಆ ಒಂದು ಉತ್ತರದ ಜೊತೆ ‘ಪ್ರತಿ ಇಟ್ಟುಕೊಳ್ಳಬೇಡ’ ಎಂಬ ಸೂಚನೆ ಹೋಗುತ್ತದೆ. ಎಷ್ಟು ಜನ ಕೇಳಿದರೂ, ಎಷ್ಟು ಸಲ ಕೇಳಿದರೂ, ಅದು ಸರ್ವರ್‌ನ ದಾಖಲೆಯಿಂದ ಹೊಸದಾಗಿಯೇ ಬರಬೇಕು.